ವಿದ್ವತ್, ಬಿಪಿಎ ಮಟ್ಟದ ಸಂಗೀತ ಪಾಠ ಆನ್‌ಲೈನ್‌ನಲ್ಲಿ: ಹಾಸನ, ಚಿಕ್ಕಮಗಳೂರಿನವರಿಗೆ

"ಸೀನಿಯರ್ ಮುಗಿಸಿದ್ದೀನಿ ಮೇಡಂ. ಮುಂದಕ್ಕೆ ಹೇಳಿಕೊಡೋರು ಇಲ್ಲಿ ಸಿಗ್ತಿಲ್ಲ. ಆನ್‌ಲೈನ್‌ನಲ್ಲಿ ಕಲಿತರೆ ನಡೆಯುತ್ತಾ?" ಸಕಲೇಶಪುರ, ಮೂಡಿಗೆರೆ, ಅರಸೀಕೆರೆ, ಕಡೂರು, ಎಲ್ಲ ಕಡೆಯಿಂದಲೂ ಇದೇ ಪ್ರಶ್ನೆ ಬರುತ್ತದೆ. ಒಬ್ಬೊಬ್ಬರಿಗೂ ಫೋನಿನಲ್ಲಿ ಹೇಳಿ ಹೇಳಿ, ಕೊನೆಗೆ ಎಲ್ಲವನ್ನೂ ಒಂದೇ ಕಡೆ ಬರೆದುಬಿಡೋಣ ಅನ್ನಿಸಿತು.

ನಡೆಯುತ್ತದೆ. ನಾನು ಹಾಸನದಲ್ಲಿ ಪಾಠ ಹೇಳುತ್ತೇನೆ. ನನ್ನ ವಿದ್ವತ್ (ಸೀನಿಯರ್ ಆದ ಮೇಲಿನ ಸಂಗೀತ ಪರೀಕ್ಷೆ) ತಯಾರಿಯ ಕೊನೆಯ ಎರಡು ವರ್ಷ ಮೈಸೂರಿನ ಗುರುಗಳ ಹತ್ತಿರ ಹೀಗೇ ಕಲಿತೆ. ಆದರೆ ಎದುರು ಕೂತು ಕಲಿಯುವ ಪಾಠವನ್ನು ಹಾಗೇ ಎತ್ತಿ ಫೋನಿನೊಳಗೆ ಇಟ್ಟರೆ ನಡೆಯುವುದಿಲ್ಲ. ಈ ಮಟ್ಟದಲ್ಲಿ ಗುರುಗಳು ಮಾಡುವ ದೊಡ್ಡ ಕೆಲಸ ಕೇಳುವುದು. ನೀವು ಹಾಡಿದ್ದು ಇದ್ದಂತೆಯೇ ಅವರ ಕಿವಿಗೆ ಮುಟ್ಟಬೇಕು. ಕೆಳಗಿನ ಹಂತಗಳೆಲ್ಲ ಇರುವುದು ಅದಕ್ಕೇ.

ನಮ್ಮ ಕಡೆ ಸಂಗೀತಕ್ಕೆ ಬರವೇನೂ ಇಲ್ಲ. ಅರಕಲಗೂಡು ತಾಲ್ಲೂಕಿನ ರುದ್ರಪಟ್ಟಣ ಕರ್ನಾಟಕ ಸಂಗೀತದ ಹಿರಿಯ ಗಾಯಕ ಆರ್.ಕೆ. ಶ್ರೀಕಂಠನ್ ಅವರ ಊರು, 1920ರಲ್ಲಿ ಅವರು ಹುಟ್ಟಿದ್ದು ಅಲ್ಲೇ. ಜೋಡಿಯಾಗಿ ಹಾಡುವ ರುದ್ರಪಟ್ಟಣಂ ಸಹೋದರರ ಮೂಲವೂ ಅದೇ ಊರು. ಆದರೆ ಕಲಿತವರು ಬೆಂಗಳೂರು, ಮೈಸೂರು ಸೇರಿಕೊಂಡರು. ಹಾಸನದಿಂದ ಮೈಸೂರಿಗೆ ಸುಮಾರು 120 ಕಿಲೋಮೀಟರ್. ಚಿಕ್ಕಮಗಳೂರಿನಿಂದ ಇನ್ನೂ ದೂರ. ಒಂದು ಗಂಟೆ ಪಾಠಕ್ಕೆ ವಾರ ವಾರ ಹೋಗಿಬರುವುದು ಎಷ್ಟು ಜನರಿಗೆ ಸಾಧ್ಯ?

1. ಬೇಕಿರುವುದು ಪಾಠವೋ, ಪದವಿಯೋ?

ಜಾಸ್ತಿ ಜನ ಗೊಂದಲ ಮಾಡಿಕೊಳ್ಳುವುದು ಇಲ್ಲೇ. ದಾರಿಗಳು ಮೂರು.

ಒಂದು, ಪದವಿ. ಬಿಪಿಎ, ಎಂಪಿಎ ಎಂದರೆ ಪ್ರದರ್ಶಕ ಕಲೆಗಳ ಪದವಿ ಮತ್ತು ಸ್ನಾತಕೋತ್ತರ ಪದವಿ. ಮೈಸೂರಿನಲ್ಲಿ ಡಾ. ಗಂಗೂಬಾಯಿ ಹಾನಗಲ್ ಸಂಗೀತ ಮತ್ತು ಪ್ರದರ್ಶಕ ಕಲೆಗಳ ವಿಶ್ವವಿದ್ಯಾಲಯ ಇದೆ, ಮೈಸೂರು ವಿಶ್ವವಿದ್ಯಾಲಯದ ಲಲಿತಕಲಾ ಕಾಲೇಜು ಇದೆ. ಪದವಿಗೆ ಸೇರಬೇಕು, ಹಾಜರಿ ಬೇಕು. ಖಾಸಗಿ ಪಾಠ ಅದಕ್ಕೆ ಪೂರಕ ಆಗಬಹುದು, ಅದರ ಬದಲಿಗೆ ನಿಲ್ಲುವುದಿಲ್ಲ.

ಎರಡು, ಪರೀಕ್ಷೆ. ಕರ್ನಾಟಕ ಸಂಗೀತದಲ್ಲಿ ಜೂನಿಯರ್, ಸೀನಿಯರ್, ವಿದ್ವತ್. ಹಿಂದೂಸ್ತಾನಿಯಲ್ಲಿ ಗಂಧರ್ವ ಮಹಾವಿದ್ಯಾಲಯ ಮಂಡಳದ ವಿಶಾರದ, ಅಲಂಕಾರದಂಥ ಪರೀಕ್ಷೆಗಳು. ಖಾಸಗಿಯಾಗಿ ಕಲಿತವರೂ ಇವನ್ನು ಕಟ್ಟಬಹುದು. ಆನ್‌ಲೈನ್ ಪಾಠ ಚೆನ್ನಾಗಿ ಹೊಂದುವುದು ಈ ದಾರಿಗೇ.

ಮೂರು, ಪರೀಕ್ಷೆಯ ಗೊಡವೆಯೇ ಇಲ್ಲದೆ ಆ ಮಟ್ಟದ ವಿದ್ಯೆ ಬೇಕು ಎನ್ನುವವರು. ಇವರಿಗೆ ಒಳ್ಳೆಯ ಗುರುಗಳು ಸಿಕ್ಕರೆ ಸಾಕು.

ಎಚ್ಚರಿಕೆ: "ಆನ್‌ಲೈನ್‌ನಲ್ಲೇ ಡಿಗ್ರಿ ಸರ್ಟಿಫಿಕೇಟ್" ಎಂಬ ಜಾಹೀರಾತು ನೋಡಿ ದುಡ್ಡು ಕಟ್ಟಬೇಡಿ. ಆನ್‌ಲೈನ್ ಮತ್ತು ದೂರ ಶಿಕ್ಷಣದಲ್ಲಿ ಯಾವ ವಿಶ್ವವಿದ್ಯಾಲಯದ ಯಾವ ಕೋರ್ಸಿಗೆ ಮಾನ್ಯತೆ ಇದೆ ಎಂಬ ಪಟ್ಟಿ ಯುಜಿಸಿಯ (ವಿಶ್ವವಿದ್ಯಾಲಯ ಅನುದಾನ ಆಯೋಗದ) ಜಾಲತಾಣದಲ್ಲಿ ಇರುತ್ತದೆ. ಆ ಪಟ್ಟಿಯಲ್ಲಿ ಹೆಸರಿಲ್ಲದ ಪದವಿ ಮುಂದೆ ಕೆಲಸಕ್ಕೆ ಅರ್ಜಿ ಹಾಕುವಾಗ ಕೈಕೊಡುತ್ತದೆ.

2. ಗುರುಗಳನ್ನು ಆರಿಸಿಕೊಳ್ಳುವುದು

ಕಛೇರಿ ಚೆನ್ನಾಗಿ ಮಾಡುತ್ತಾರೆ ಎಂಬುದೊಂದೇ ಸಾಲದು. ಆಕಾಶವಾಣಿಯ ಗ್ರೇಡ್ ಇದ್ದರೆ, ಅಂದರೆ ಬಿ, ಬಿ ಹೈ, ಎ, ಟಾಪ್ ಎಂಬ ಶ್ರೇಣಿಗಳಲ್ಲಿ ಒಂದು ಇದ್ದರೆ, ಹಾಡುಗಾರಿಕೆಯ ಮಟ್ಟ ತಿಳಿಯುತ್ತದೆ. ಹೇಳಿಕೊಡುವ ರೀತಿ ತಿಳಿಯುವುದಿಲ್ಲ. ಅದಕ್ಕೆ ಒಂದು ಪ್ರಾಯೋಗಿಕ ಪಾಠ ಕೇಳಿ, ಅದಕ್ಕೂ ಶುಲ್ಕ ಕೊಡಿ. ಆ ಪಾಠದಲ್ಲಿ ಒಂದನ್ನು ಗಮನಿಸಿ: ನೀವು ತಪ್ಪು ಹಾಡಿದಾಗ ಅವರು ಸುಮ್ನೆ ಸರಿಯಾದದ್ದನ್ನು ಹಾಡಿ ತೋರಿಸಿ ಮುಂದೆ ಹೋಗುತ್ತಾರೋ, ಅಥವಾ ಎಲ್ಲಿ ತಪ್ಪಿತು, ಯಾಕೆ ತಪ್ಪಿತು ಅಂತ ಮಾತಿನಲ್ಲೂ ಹೇಳುತ್ತಾರೋ? ಎದುರು ಕೂತಾಗ ಗುರುಗಳ ಮುಖ, ಕೈ ನೋಡಿಯೇ ಅರ್ಧ ಕಲಿಯುತ್ತೇವೆ. ಪರದೆಯ ಮೇಲೆ ಅದು ಸಿಗುವುದಿಲ್ಲ. ಹಾಗಾಗಿ ಬಿಡಿಸಿ ಹೇಳುವ ಗುರುಗಳು ಬೇಕು.

ಶುರು ಮಾಡುವ ಮೊದಲೇ ಕೆಲವು ವಿಷಯ ಮಾತಾಡಿಕೊಳ್ಳಿ. ಶುಲ್ಕ ಪಾಠಕ್ಕೆ ಇಷ್ಟೋ, ತಿಂಗಳಿಗೆ ಇಷ್ಟೋ? ಕರೆಂಟ್ ಹೋಗಿ ಪಾಠ ನಿಂತರೆ ಅದನ್ನು ಇನ್ನೊಂದು ದಿನ ಮಾಡುತ್ತಾರೋ? ಪಾಠವನ್ನು ರೆಕಾರ್ಡ್ ಮಾಡಿಕೊಳ್ಳಬಹುದೋ? ಕೇಳಲು ಸಂಕೋಚ ಆಗುತ್ತದೆ, ನಿಜ. ಆದರೆ ಮೂರು ತಿಂಗಳಾದ ಮೇಲೆ ಕೇಳುವುದು ಇನ್ನೂ ಕಷ್ಟ. ಕಾಲೇಜಿನಲ್ಲಿ ಕಾಯಂ ಕೆಲಸದಲ್ಲಿರುವ ಅಧ್ಯಾಪಕರಾದರೆ, ಹೊರಗೆ ಪಾಠ ಹೇಳಲು ಅವರ ಸಂಸ್ಥೆಯ ಒಪ್ಪಿಗೆ ಇದೆಯೇ ಅಂತಲೂ ವಿನಯದಿಂದ ಕೇಳಿ.

ನೀವು ಆಗಲೇ ಬಿಪಿಎ ಓದುತ್ತಿದ್ದು, ಹೊರಗೆ ಇನ್ನೊಬ್ಬರ ಹತ್ತಿರ ಪಾಠ ಶುರು ಮಾಡುವುದಾದರೆ ಇಬ್ಬರಿಗೂ ಹೇಳಿಬಿಡಿ. ಇಲ್ಲವಾದರೆ ಪಾಠಾಂತರದ ತೊಡಕು ಬರುತ್ತದೆ. ಪಾಠಾಂತರ ಅಂದರೆ ಒಂದೇ ಕೃತಿ ಒಂದೊಂದು ಗುರುಪರಂಪರೆಯಲ್ಲಿ ಒಂದೊಂದು ರೀತಿ ಬಂದಿರುವುದು. ಪಲ್ಲವಿ ಕಾಲೇಜಿನ ಪಾಠದಂತೆ, ಚರಣ ಆನ್‌ಲೈನ್ ಗುರುಗಳ ಪಾಠದಂತೆ ಹಾಡಿದರೆ ಪರೀಕ್ಷಕರಿಗೆ ತಕ್ಷಣ ಗೊತ್ತಾಗುತ್ತದೆ. ಒಂದು ಕೃತಿಯನ್ನು ಒಬ್ಬರ ಹತ್ತಿರವೇ ಕಲಿಯಿರಿ.

3. ನೆಟ್, ಕರೆಂಟ್, ಮಳೆ

ಇಬ್ಬರ ನಡುವಿನ ವಿಡಿಯೊ ಕರೆಗೆ ಭಾರೀ ವೇಗದ ನೆಟ್ ಏನೂ ಬೇಕಿಲ್ಲ. ಎರಡೂ ಕಡೆಗೆ ಸ್ಥಿರವಾಗಿ 4 ಎಂಬಿಪಿಎಸ್ ಬಂದರೂ ಸಾಕು. ಇಲ್ಲಿ ಸ್ಥಿರತೆ ಮುಖ್ಯ. ಫೈಬರ್ ಇದ್ದರೆ ರೂಟರ್‌ನಿಂದ ಲ್ಯಾಪ್‌ಟಾಪಿಗೆ ನೇರ ಕೇಬಲ್ ಹಾಕಿ. ವೈಫೈಯಲ್ಲಿ ಆಗಾಗ ಧ್ವನಿ ಕತ್ತರಿಸಿದಂತೆ ಬರುವುದು ಅರ್ಧ ಕಡಿಮೆ ಆಗುತ್ತದೆ. ರೂಟರಿಗೆ ಅಂತಲೇ ಚಿಕ್ಕ ಯುಪಿಎಸ್ ಸಿಗುತ್ತದೆ. ಮನೆಯಲ್ಲಿ ಇನ್ವರ್ಟರ್ ಇಲ್ಲದವರು ಅದನ್ನು ತಗೊಳ್ಳಿ.

ಮಲೆನಾಡಿನವರು ಮಳೆಗಾಲಕ್ಕೆ ಬೇರೆ ಲೆಕ್ಕ ಇಟ್ಟುಕೊಳ್ಳಬೇಕು. ಜೂನ್‌ನಿಂದ ಆಗಸ್ಟ್‌ವರೆಗೆ ಮರ ಬಿದ್ದು ಲೈನು ಹರಿಯುವುದು ಇದ್ದದ್ದೇ. ನೆಟ್ ಇದ್ದರೂ ಶೀಟಿನ ಮೇಲೆ ಮಳೆ ಹೊಡೆಯುತ್ತಿದ್ದರೆ ಮಂದ್ರದ, ಅಂದರೆ ತಗ್ಗಿನ ಸ್ಥಾಯಿಯ, ಸ್ವರ ಯಾರಿಗೆ ಕೇಳುತ್ತದೆ? ಆ ಮೂರು ತಿಂಗಳು ವಾರಕ್ಕೆ ಒಂದು ಪಾಠದ ದಿನ, ಒಂದು ಬದಲಿ ದಿನ ಎಂದು ಮೊದಲೇ ಗೊತ್ತುಮಾಡಿಕೊಳ್ಳಿ. ಜೋರು ಮಳೆಯ ದಿನ ಲಕ್ಷಣ, ಅಂದರೆ ಶಾಸ್ತ್ರದ ಪಾಠ ಇಟ್ಟುಕೊಳ್ಳಿ. 72 ಮೇಳಕರ್ತದ ಚಕ್ರ, ತಾಳದ ಅಂಗಗಳು, ವಾಗ್ಗೇಯಕಾರರ ವಿಷಯ, ಇವಕ್ಕೆ ಶುದ್ಧ ಧ್ವನಿ ಬೇಕಿಲ್ಲ. ಪರದೆ ಹಂಚಿಕೊಂಡು ಓದಿದರೆ ಎದುರು ಕೂತದ್ದಕ್ಕಿಂತ ಏನೂ ಕಡಿಮೆ ಆಗುವುದಿಲ್ಲ.

ಕೋಣೆ ಯಾವುದು? ಹಾಲ್ ಬೇಡ. ಟೈಲ್ಸು, ಖಾಲಿ ಗೋಡೆ ಇರುವ ಕಡೆ ಧ್ವನಿ ಕಲಸಿಹೋಗುತ್ತದೆ. ಹಾಸಿಗೆ, ಪರದೆ, ಬಟ್ಟೆಯ ಬೀರು ಇರುವ ಮಲಗುವ ಕೋಣೆ ಒಳ್ಳೆಯದು. ಫ್ಯಾನು ಆರಿಸಿ.

4. ನಿಮ್ಮ ಧ್ವನಿ ಇದ್ದಂತೆಯೇ ಹೋಗಲಿ

ಈ ಲೇಖನದಲ್ಲಿ ಒಂದೇ ಭಾಗ ಓದುವುದಾದರೆ ಇದನ್ನು ಓದಿ.

ಮೊದಲ ಮೂರು ತಿಂಗಳು ನನ್ನ ಗುರುಗಳು ಒಂದೇ ಮಾತು ಹೇಳುತ್ತಿದ್ದರು: "ಮಂದ್ರ ಪಂಚಮದಲ್ಲಿ ನಿನ್ನ ಕಾರ್ವೆ ನಿಲ್ಲೋದಿಲ್ಲ, ಉಸಿರು ಸಾಲ್ತಿಲ್ಲ." ಕಾರ್ವೆ ಅಂದರೆ ಒಂದೇ ಸ್ವರದಲ್ಲಿ ಅಲುಗದೆ ನಿಲ್ಲುವುದು. ನಾನು ಬೆಳಗಿನ ಜಾವ ಎದ್ದು ಮಂದ್ರ ಸಾಧನೆ ಮಾಡಿದೆ, ಪ್ರಾಣಾಯಾಮ ಮಾಡಿದೆ. ಆದರೂ ಅದೇ ದೂರು. ಕೊನೆಗೆ ಒಂದು ಪಾಠದ ಹೊತ್ತಿನಲ್ಲಿ ಇನ್ನೊಂದು ಫೋನನ್ನು ಪಕ್ಕದಲ್ಲಿಟ್ಟು ನನ್ನ ಧ್ವನಿಯನ್ನು ರೆಕಾರ್ಡ್ ಮಾಡಿ ಅವರಿಗೆ ಕಳಿಸಿದೆ. ಅದರಲ್ಲಿ ಪಂಚಮ ನೆಟ್ಟಗೆ ನಿಂತಿತ್ತು. ಕರೆಯಲ್ಲಿ ಅವರಿಗೆ ಕೇಳಿಸಿದ್ದು ಎರಡು ಸೆಕೆಂಡು ಮಾತ್ರ. ಆಮೇಲೆ ಸ್ವರ ತೆಳ್ಳಗಾಗಿ ಮಾಯ.

ಕಾರಣ ಹೀಗಿದೆ. ವಿಡಿಯೊ ಕರೆಯ ಆ್ಯಪ್‌ಗಳನ್ನು ಮಾತಿಗಾಗಿ ಮಾಡಿದ್ದಾರೆ. ಮಾತು ಏರಿಳಿಯುತ್ತದೆ, ಫ್ಯಾನಿನ ಸದ್ದು ಒಂದೇ ಸಮ ಇರುತ್ತದೆ. ಆದ್ದರಿಂದ ಒಂದೇ ಸಮ ಇರುವ ಸದ್ದೆಲ್ಲ ಗದ್ದಲ ಎಂದು ಆ್ಯಪ್ ಅದನ್ನು ಅಳಿಸುತ್ತದೆ. ಇದಕ್ಕೆ ನಾಯ್ಸ್ ಸಪ್ರೆಷನ್ ಎನ್ನುತ್ತಾರೆ. ತಂಬೂರಿ, ಪಿಟೀಲಿನ ಉದ್ದ ಬಿಲ್ಲು, ನಿಮ್ಮ ಕಾರ್ವೆ, ಎಲ್ಲವೂ ಅದರ ಲೆಕ್ಕದಲ್ಲಿ ಫ್ಯಾನೇ. ಚೆನ್ನಾಗಿ ನಿಲ್ಲಿಸಿದಷ್ಟೂ ಜಾಸ್ತಿ ಅಳಿಸುತ್ತದೆ! ಇಂಥ ಧ್ವನಿ ಕೇಳಿ ಗುರುಗಳು ಏನಂತ ತಿದ್ದಬೇಕು?

ಮಾಡಬೇಕಾದ್ದು ಇಷ್ಟು:

ಜೂಮ್‌ನಲ್ಲಿ ಆಡಿಯೊ ಸೆಟ್ಟಿಂಗಿಗೆ ಹೋಗಿ "ಒರಿಜಿನಲ್ ಸೌಂಡ್ ಫಾರ್ ಮ್ಯೂಸಿಷಿಯನ್ಸ್" ಎಂಬುದನ್ನು ಆರಿಸಿ. ಲ್ಯಾಪ್‌ಟಾಪಿನಲ್ಲಿ ಅದರ ಕೆಳಗೆ "ಹೈ ಫಿಡೆಲಿಟಿ ಮ್ಯೂಸಿಕ್ ಮೋಡ್" ಇರುತ್ತದೆ, ಅದನ್ನೂ ಆರಿಸಿ. ಮೊಬೈಲಿನಲ್ಲಿ ಎಲ್ಲ ಆಯ್ಕೆಗಳೂ ಸಿಗುವುದಿಲ್ಲ, ಸಾಧ್ಯವಾದರೆ ಲ್ಯಾಪ್‌ಟಾಪೇ ಬಳಸಿ. ಸೆಟ್ಟಿಂಗಿನಲ್ಲಿ ಆರಿಸಿದರೆ ಮುಗಿಯಲಿಲ್ಲ. ಕರೆ ಶುರುವಾದ ಮೇಲೆ ಪರದೆಯಲ್ಲಿ ಒರಿಜಿನಲ್ ಸೌಂಡ್ ಆನ್ ಇದೆಯೋ ಇಲ್ಲವೋ ಅಂತ ಪ್ರತಿ ಸಲ ನೋಡಿಕೊಳ್ಳಿ.

ಮೈಕಿನ ಸದ್ದನ್ನು ತಾನೇ ಹೊಂದಿಸುವ ಆಯ್ಕೆ ಇದ್ದರೆ ತೆಗೆಯಿರಿ. ಅದು ಇದ್ದರೆ ನೀವು ಮೆಲ್ಲಗೆ ಹಾಡಿದ್ದನ್ನು ಏರಿಸುತ್ತದೆ, ತಾರ ಸ್ಥಾಯಿಯನ್ನು ಇಳಿಸುತ್ತದೆ. ಗಾತ್ರದ ಹದ ಗುರುಗಳಿಗೆ ತಿಳಿಯುವುದೇ ಇಲ್ಲ.

ಗೂಗಲ್ ಮೀಟ್ ಬಳಸುವವರು ಆಡಿಯೊ ಸೆಟ್ಟಿಂಗಿನಲ್ಲಿ ನಾಯ್ಸ್ ಕ್ಯಾನ್ಸಲೇಷನ್ ತೆಗೆಯಿರಿ. ಜೂಮ್‌ನ ಉಚಿತ ಖಾತೆಯಲ್ಲಿ ಕರೆ 40 ನಿಮಿಷಕ್ಕೆ ಮುಗಿಯುತ್ತದೆ. ರಾಗ ಬೆಳೆಯುತ್ತಿರುವಾಗ ಕಡಿದುಹೋದರೆ ಬೇಜಾರು, ಇಬ್ಬರಲ್ಲಿ ಯಾರ ಖಾತೆ ಬಳಸುವುದು ಎಂದು ಮೊದಲೇ ಯೋಚಿಸಿ.

ಬ್ಲೂಟೂತ್ ಇಯರ್‌ಫೋನ್ ಬೇಡವೇ ಬೇಡ. ಅದು ಧ್ವನಿಯನ್ನು ತಡ ಮಾಡುತ್ತದೆ. ಅದರ ಮೈಕ್ ಚಾಲೂ ಆದ ಕೂಡಲೇ ಧ್ವನಿ ಹಳೇ ಟೆಲಿಫೋನಿನಂತೆ ಕುಗ್ಗುತ್ತದೆ. ತಂತಿ ಇರುವ ಇಯರ್‌ಫೋನ್ ಹಾಕಿ. ಆದರೆ ಅದರ ತಂತಿಯಲ್ಲೇ ಮೈಕ್ ಇದ್ದರೆ ಸೀರೆಗೆ, ದುಪಟ್ಟಕ್ಕೆ ಉಜ್ಜಿ ಗರಗರ ಎನ್ನುತ್ತದೆ. ಕೇಳಲು ಇಯರ್‌ಫೋನ್, ಹಾಡಲು ಲ್ಯಾಪ್‌ಟಾಪಿನ ಮೈಕ್ ಅಥವಾ ಯುಎಸ್‌ಬಿ ಮೈಕ್, ಹೀಗೆ ಬೇರೆ ಬೇರೆ ಆರಿಸಿಕೊಳ್ಳಿ. ಯುಎಸ್‌ಬಿ ಮೈಕ್ ಬಾಯಿಯಿಂದ ಒಂದೂವರೆ ಅಡಿ ದೂರ, ಸ್ವಲ್ಪ ಓರೆಯಾಗಿ ಇರಲಿ. ದುಬಾರಿಯದ್ದೇ ಬೇಕಿಲ್ಲ. ಸೆಟ್ಟಿಂಗ್ ತಪ್ಪಿದ್ದರೆ ಎಷ್ಟು ದುಬಾರಿ ಮೈಕಾದರೂ ಉಪಯೋಗಕ್ಕೆ ಬಾರದು.

ಎಲ್ಲ ಆದ ಮೇಲೆ ಒಂದು ಪರೀಕ್ಷೆ ಮಾಡಿ. ಗೆಳೆಯರೊಬ್ಬರಿಗೆ ಕರೆ ಮಾಡಿ, ಮಂದ್ರ ಪಂಚಮದಲ್ಲಿ ಹತ್ತು ಸೆಕೆಂಡು ನಿಲ್ಲಿ. ಅವರಿಗೆ ಹತ್ತೂ ಸೆಕೆಂಡು ಒಂದೇ ಸಮ ಕೇಳಿಸಿತೇ? ಕೇಳಿಸಿದರೆ ನೀವು ಪಾಠಕ್ಕೆ ತಯಾರು.

5. ಶ್ರುತಿ ಸೇರಿಸಿಕೊಳ್ಳುವುದು

ಗುರುಗಳ ಮನೆಯ ತಂಬೂರಿಯನ್ನು ಕರೆಯ ಮೂಲಕ ಕೇಳುತ್ತಾ ಹಾಡಬೇಡಿ. ಕತ್ತರಿಸಿ ಕತ್ತರಿಸಿ ಬರುವ ಶ್ರುತಿಗೆ ಧ್ವನಿ ಸೇರುವುದಿಲ್ಲ. ನಿಮ್ಮ ಶ್ರುತಿ ನಿಮ್ಮ ಕೋಣೆಯಲ್ಲೇ ಇರಲಿ. ಇನ್ನೊಂದು ಫೋನಿನಲ್ಲಿ ತಂಬೂರಿ ಆ್ಯಪ್ ಹಾಕಿ, ಮೈಕಿನ ಹಿಂದೆ ನಾಲ್ಕೈದು ಅಡಿ ದೂರ ಇಡಿ. ನೀವು ಹಾಡುವಾಗ ಅದು ಗುರುಗಳಿಗೂ ಮೆಲ್ಲಗೆ ಕೇಳಬೇಕು. ಇಲ್ಲದಿದ್ದರೆ ಶ್ರುತಿ ಜಾರಿದ್ದು ಅವರಿಗೆ ಹೇಗೆ ತಿಳಿಯಬೇಕು? ಇಬ್ಬರ ಆಧಾರ ಶ್ರುತಿಯೂ ಒಂದೇ ಇರಲಿ, ಆ್ಯಪ್‌ನಲ್ಲಿ 440 ಹರ್ಟ್ಸ್ ಎಂಬ ಮೂಲ ಅಳತೆ ಬದಲಾಗಿಲ್ಲ ಎಂದು ನೋಡಿಕೊಳ್ಳಿ.

ಮನೆಯ, ಅಂದರೆ ಶ್ರುತಿಯ ಮಟ್ಟ ಹೇಳುವ ಅಂಕಿಯ, ಲೆಕ್ಕ ಗೊತ್ತಿರಲಿ. ಒಂದು ಮನೆ ಅಂದರೆ ಆ್ಯಪ್‌ನಲ್ಲಿ ಸಿ, ಐದು ಮನೆ ಅಂದರೆ ಜಿ, ಐದೂವರೆ ಅಂದರೆ ಜಿ ಶಾರ್ಪ್. ಹಿಂದೂಸ್ತಾನಿಯವರು ಹಾರ್ಮೋನಿಯಂ ಮನೆ ಎಣಿಸಿ "ಕಪ್ಪು ಎರಡು" ಅಂದರೆ ಅದು ಡಿ ಶಾರ್ಪ್. ಕರ್ನಾಟಕದ "ಎರಡು ಮನೆ" ಬರೀ ಡಿ. ಇಲ್ಲಿ ಅರ್ಧ ಮನೆ ತಪ್ಪಿ, ಒಂದು ವಾರ ಬೇರೆ ಶ್ರುತಿಯಲ್ಲಿ ಸಾಧನೆ ಮಾಡಿ ಬಂದ ಮಕ್ಕಳನ್ನು ನೋಡಿದ್ದೇನೆ.

6. ಗುರುಗಳ ಜೊತೆ ಒಟ್ಟಿಗೆ ಹಾಡಬೇಡಿ

ಎಷ್ಟೇ ಒಳ್ಳೆಯ ನೆಟ್ ಇರಲಿ, ಧ್ವನಿ ಹೋಗಿ ಬರುವುದಕ್ಕೆ ಸ್ವಲ್ಪ ಹೊತ್ತು ಬೇಕು. ಇದಕ್ಕೆ ಲೇಟೆನ್ಸಿ, ಅಂದರೆ ತಡ, ಎನ್ನುತ್ತಾರೆ. ಒಂದು ಲೆಕ್ಕ ನೋಡಿ. ತಾಳದ ಒಂದು ಅಕ್ಷರಕ್ಕೆ ಒಂದು ಸೆಕೆಂಡು ಇಟ್ಟುಕೊಳ್ಳಿ. ಅಕ್ಷರಕ್ಕೆ ನಾಲ್ಕು ಸ್ವರ ಹಾಡಿದರೆ ಒಂದೊಂದು ಸ್ವರಕ್ಕೆ ಕಾಲು ಸೆಕೆಂಡು. ವಿಡಿಯೊ ಕರೆಯಲ್ಲಿ ಹೋಗಿ ಬರುವ ತಡವೇ ಅಷ್ಟು ಆಗಿಬಿಡಬಹುದು. ಅಂದರೆ ನೀವು ಗುರುಗಳ ಜೊತೆ ಸರಿಯಾಗಿ ಸೇರಿಸಿ ಹಾಡಿದರೂ ಅವರಿಗೆ ನೀವು ಒಂದು ಸ್ವರ ಹಿಂದೆ ಇರುವಂತೆ ಕೇಳುತ್ತದೆ. ಅವರಿಗೆ ಸರಿಹೋಗಲಿ ಅಂತ ನೀವು ಮುಂದೆ ಓಡಿದರೆ ಕಾಲಪ್ರಮಾಣವೇ, ಅಂದರೆ ಹಾಡಿನ ವೇಗವೇ, ಕೆಡುತ್ತದೆ. ಆ ಅಭ್ಯಾಸ ಹತ್ತಿದರೆ ಬಿಡಿಸುವುದು ತುಂಬಾ ಕಷ್ಟ.

ಆದ್ದರಿಂದ ಅವರು ಒಂದು ಸಂಗತಿ (ಒಂದೇ ಸಾಲನ್ನು ಬೆಳೆಸಿ ಹಾಡುವ ಒಂದು ರೀತಿ) ಹಾಡಲಿ, ಮುಗಿಸಿ ನಿಲ್ಲಲಿ, ಆಮೇಲೆ ನೀವು ಹಾಡಿ. ತಾಳ ನಿಮ್ಮದೇ ಕೈಯಲ್ಲಿ, ಕ್ಯಾಮೆರಾಕ್ಕೆ ಕಾಣುವಂತೆ ಇರಲಿ. ನೀವು ಹಾಡುವಾಗ ಗುರುಗಳು ತಮ್ಮ ಮೈಕ್ ಮ್ಯೂಟ್ ಮಾಡಿಕೊಂಡರೆ ಒಳ್ಳೆಯದು. ಕೆಲವು ಸಲ ಅವರು ಆ ಕಡೆಯಿಂದ "ಭೇಷ್" ಅಂದ ಕ್ಷಣಕ್ಕೇ, ಯಾವ ಪ್ರಯೋಗಕ್ಕೆ ಭೇಷ್ ಅಂದರೋ ಅದರ ಬಾಲವೇ ಅವರಿಗೆ ಕೇಳಿಸದೆ ಹೋಗುತ್ತದೆ. ಪ್ರತಿಧ್ವನಿ ತಡೆಯುವ ಏರ್ಪಾಡು ಒಂದು ಕಡೆ ಸದ್ದು ಬಂದರೆ ಇನ್ನೊಂದು ಕಡೆಯದನ್ನು ತಗ್ಗಿಸುತ್ತದೆ, ಅದಕ್ಕೆ.

ವಾದ್ಯದವರಿಗೆ ಎರಡು ಮಾತು. ವೀಣೆಯವರು ಕ್ಯಾಮೆರಾವನ್ನು ಮೆಟ್ಟಿಲುಗಳ ಮೇಲೆ ಎಡಗೈ ಬೆರಳು ಕಾಣುವಂತೆ ಇಡಿ, ಮುಖ ಕಾಣದಿದ್ದರೂ ಪರವಾಗಿಲ್ಲ. ಪಿಟೀಲಿನವರಿಗೆ ಬಿಲ್ಲು ಪೂರ್ತಿ ಕಾಣಬೇಕು. ಮೃದಂಗದವರಿಗೆ ಎರಡೂ ಮುಖ ಕಾಣಬೇಕು, ಅದಕ್ಕೆ ಎದುರಿನಿಂದ, ಸ್ವಲ್ಪ ಎತ್ತರದಿಂದ ಹಿಡಿದರೆ ಸರಿ.

7. ಪಾಠಕ್ಕೆ ಎರಡು ದಿನ ಮೊದಲು

ಆನ್‌ಲೈನ್ ಪಾಠದ ನಿಜವಾದ ಅನುಕೂಲ ಇಲ್ಲಿದೆ. ಪಾಠಕ್ಕೆ ಎರಡು ದಿನ ಇರುವಾಗ ಐದಾರು ನಿಮಿಷದ ರೆಕಾರ್ಡಿಂಗ್ ಕಳಿಸಿ. ಕರೆಯಲ್ಲಿ ಕಳೆದುಹೋಗುವ ಸೂಕ್ಷ್ಮಗಳು ರೆಕಾರ್ಡಿಂಗಿನಲ್ಲಿ ಉಳಿಯುತ್ತವೆ. ವಾಟ್ಸ್‌ಆ್ಯಪಿನ ವಾಯ್ಸ್ ಮೆಸೇಜ್ ಒತ್ತಿ ಹಾಡಬೇಡಿ, ಅದು ಮಾತಿಗೆ ಆಗುವಷ್ಟು ಮಾತ್ರ ಗುಣ ಇಡುತ್ತದೆ. ಫೋನಿನ ರೆಕಾರ್ಡರ್‌ನಲ್ಲಿ ಮಾಡಿ, ಕಡತವನ್ನು ಡಾಕ್ಯುಮೆಂಟ್ ಆಗಿ ಕಳಿಸಿ.

ಹತ್ತು ಸಲ ಹಾಡಿ, ಒಳ್ಳೆಯದನ್ನು ಆರಿಸಿ ಕಳಿಸಬೇಡಿ. ನನ್ನ ವಿದ್ಯಾರ್ಥಿಗಳಲ್ಲಿ ಜಾಸ್ತಿ ಕಾಣುವ ತಪ್ಪು ಇದೇ. ಮೊದಲ ಸಲ ಹಾಡಿದ್ದನ್ನೇ ಕಳಿಸಿ, ಜೊತೆಗೆ "ತೋಡಿಯಲ್ಲಿ ಗಾಂಧಾರದ ಕಂಪಿತ ನನಗೇ ಸರಿ ಕಾಣ್ತಿಲ್ಲ, 2 ನಿಮಿಷ 10 ಸೆಕೆಂಡಿನಲ್ಲಿ ನೋಡಿ" ಅಂತ ಒಂದು ಸಾಲು ಬರೆಯಿರಿ. ಕಂಪಿತ ಅಂದರೆ ಸ್ವರವನ್ನು ತೂಗುವ ಗಮಕ. ಹೀಗೆ ಬರೆದರೆ ಗುರುಗಳು ಪಾಠದ ಮೊದಲ ನಿಮಿಷವೇ ಆ ಜಾಗಕ್ಕೆ ಬರುತ್ತಾರೆ.

ವಿದ್ವತ್, ಬಿಪಿಎ ಮಟ್ಟದಲ್ಲಿ ಕೃತಿಗಿಂತ ಮನೋಧರ್ಮಕ್ಕೆ ಹೊತ್ತು ಜಾಸ್ತಿ ಕೊಡಬೇಕು. ಮನೋಧರ್ಮ ಅಂದರೆ ಆಲಾಪನೆ, ನೆರವಲ್, ಕಲ್ಪನಾಸ್ವರದಂತೆ ಅಲ್ಲಲ್ಲೇ ಕಟ್ಟಿ ಹಾಡುವುದು. ಹೊಸ ಕೃತಿಯ ಸಾಹಿತ್ಯ, ಸ್ವರ ಬರೆದುಕೊಳ್ಳುವುದು ಪಾಠದ ಹೊತ್ತಿನಲ್ಲಿ ಬೇಡ. ಗುರುಗಳು ಒಮ್ಮೆ ಹಾಡಿ ರೆಕಾರ್ಡ್ ಮಾಡಿ ಕಳಿಸಿದರೆ ನೀವು ಅದನ್ನು ಕೇಳಿ ಕಲಿತು ಬನ್ನಿ. ಕಲ್ಪನಾಸ್ವರವನ್ನು ಬರೆದು ಕೊಡಿ ಅಂತ ಮಾತ್ರ ಕೇಳಬೇಡಿ. ಬಾಯಿಪಾಠದ ಕಲ್ಪನಾಸ್ವರ ಪರೀಕ್ಷೆಯಲ್ಲಿ ಎರಡನೇ ಆವರ್ತಕ್ಕೇ ಸಿಕ್ಕಿಬೀಳುತ್ತದೆ.

ಪಾಠ ಮುಗಿದ ದಿನವೇ ರೆಕಾರ್ಡಿಂಗ್ ಒಮ್ಮೆ ಪೂರ್ತಿ ಕೇಳಿ, ತಿದ್ದಿದ ಜಾಗಗಳನ್ನು ಪುಸ್ತಕದಲ್ಲಿ ಗುರುತು ಮಾಡಿಕೊಳ್ಳಿ. ಅದನ್ನು ಗುಂಪುಗಳಲ್ಲಿ ಹಂಚಬೇಡಿ. ಗುರುಗಳು ನಿಮಗೆ ಹೇಳಿಕೊಟ್ಟದ್ದು ಅದು.

8. ಆನ್‌ಲೈನ್‌ನಲ್ಲಿ ಆಗದೇ ಇರುವುದು

ಪಕ್ಕವಾದ್ಯದ ಜೊತೆ ಹಾಡುವುದು ಕರೆಯಲ್ಲಿ ಆಗುವುದಿಲ್ಲ. ಕಲ್ಪನಾಸ್ವರ ಎಡುಪಿಗೆ, ಅಂದರೆ ಸಾಲು ಶುರುವಾಗುವ ಜಾಗಕ್ಕೆ, ಬಂದು ಕೂರುವುದು ಮೃದಂಗದ ಎದುರು ಹಾಡಿದಾಗಲೇ ಗಟ್ಟಿಯಾಗುತ್ತದೆ. ನಿಮ್ಮ ಊರಿನಲ್ಲಿ ಮೃದಂಗ ಕಲಿಯುತ್ತಿರುವ ಹುಡುಗರು ಯಾರಾದರೂ ಇದ್ದೇ ಇರುತ್ತಾರೆ. ಅವರಿಗೂ ಹಾಡುವವರು ಬೇಕು. ಹದಿನೈದು ದಿನಕ್ಕೆ ಒಮ್ಮೆ ಕೂತು ಹಾಡಿ, ಅದರ ರೆಕಾರ್ಡಿಂಗನ್ನೂ ಗುರುಗಳಿಗೆ ಕಳಿಸಿ. ದೇವಸ್ಥಾನದ ನವರಾತ್ರಿ, ರಾಮನವಮಿ ಸೇವೆಗಳಲ್ಲಿ ಅರ್ಧ ಗಂಟೆ ಹಾಡಲು ಕರೆದರೆ ಬಿಡಬೇಡಿ.

ಪರೀಕ್ಷೆಗೆ ಎರಡು ತಿಂಗಳು ಇರುವಾಗಿನಿಂದ ವಾರಕ್ಕೆ ಎರಡು ದಿನ ಇಯರ್‌ಫೋನ್ ತೆಗೆದಿಟ್ಟು, ಯಾರಾದರೂ ಒಬ್ಬರನ್ನು ಎದುರು ಕೂರಿಸಿಕೊಂಡು ಹಾಡಿ. ಮೈಕಿಗೆ ಹತ್ತಿರ ಮೆಲ್ಲಗೆ ಹಾಡಿ ಅಭ್ಯಾಸ ಆದವರ ಧ್ವನಿ ಪರೀಕ್ಷೆಯ ಕೋಣೆಯಲ್ಲಿ ಎದುರಿನ ಕುರ್ಚಿಗೂ ಮುಟ್ಟುವುದಿಲ್ಲ.

ವರ್ಷಕ್ಕೆ ಎರಡು ಸಲವಾದರೂ ಗುರುಗಳ ಮನೆಗೆ ಹೋಗಿ. ಒಂದು ಸಲ ಪಾಠ ಶುರುವಾದ ಎರಡು ಮೂರು ತಿಂಗಳೊಳಗೆ, ಇನ್ನೊಂದು ಸಲ ಪರೀಕ್ಷೆಗೆ ಮೊದಲು. ಹಾಸನದವರಿಗೆ ಮೈಸೂರಿಗೆ ರೈಲು ಇದೆ. ಚಿಕ್ಕಮಗಳೂರಿನವರು ಬೆಳಗ್ಗೆ ಬೇಗ ಹೊರಟರೂ ಅದೇ ದಿನ ವಾಪಸಾಗುವ ಅವಸರ ಇಟ್ಟುಕೊಳ್ಳಬೇಡಿ, ಒಂದು ರಾತ್ರಿ ಉಳಿಯಿರಿ. ಹೋಗುವ ಮೊದಲು, ಕರೆಯಲ್ಲಿ ಬಗೆಹರಿಯದೆ ಉಳಿದ ಜಾಗಗಳ ಪಟ್ಟಿ ಮಾಡಿಕೊಳ್ಳಿ: ಯಾವ ರಾಗದ ಯಾವ ಸ್ವರ, ಯಾವ ಕೃತಿಯ ಯಾವ ಸಂಗತಿ. ಗುರುಗಳ ಎದುರು ಕೂತು, ಅವರ ತಂಬೂರಿಯ ಪಕ್ಕದಲ್ಲೇ, ಮೊದಲು ಅವನ್ನು ಹಾಡಿ.